ತಂದೆಯ ಹೆಸರು, ಮನೆತನದ ಹೆಸರು


1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲರನ್ನು ಇಂಗ್ಲಿಷ್ ಬರಹಗಳು 'ಬಿಕಿಲ' ಎಂದೇ ಕರೆಯುತ್ತವೆ. ಅದು ಅವರ ತಂದೆಯ ಹೆಸರು. ಅಲ್ಲಿನವರಿಗೆ ಸಾಮಾನ್ಯವಾಗಿ ಮನೆತನದ ಹೆಸರಿಲ್ಲ. 'ಶ್ರೀ' ಎಂಬರ್ಥದ 'ಆತೊ' ಪದವೂ ಸ್ವಂತ ಹೆಸರಿಗೇ ಸೇರುತ್ತದೆ.

ರಷ್ಯನ್ನಿನ ಸಂಗತಿ ಇನ್ನೂ ಕುತೂಹಲಕರ. ಅಲ್ಲಿ ಸ್ವಂತ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಪಿತೃನಾಮಕ್ಕೆಂದೇ ಸ್ಥಾನವಿದೆ. ಆದರೂ ಬಿಕಿಲ ಹೋಗಿ ಕುಳಿತದ್ದು ಮನೆತನದ ಹೆಸರಿನ ಜಾಗದಲ್ಲಿ! ಅಕಾರಾಂತವಾದುದರಿಂದ ವಿಭಕ್ತಿಯೂ ಹತ್ತುತ್ತದೆ: ದ್ವಿತೀಯೆಯಲ್ಲಿ 'ಬಿಕಿಲು'. 'ಅಬೆಬೆ' ಮಾತ್ರ ಬದಲಾಗದು.

ಹೊಸೂರು, ತಾಳವಾಡಿಯ ನಮ್ಮ ಮಕ್ಕಳಿಗೂ ತಂದೆಯ ಹೆಸರು ಇನಿಷಿಯಲ್ಲಾಗಿ ನಿಲ್ಲುವಂಥದು. ನಮೂನೆಯಲ್ಲಿ 'ಸರ್‌ನೇಮ್' ಅಂಕಣ ಎದುರಾದಾಗ ಅದನ್ನು ಬಿಡಿಸಿ ತುಂಬುವ ಮೊದಲು ಪೋಷಕರನ್ನು ಕೇಳಿರಿ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ಸುಲಭವಲ್ಲ.