ಹಿರಿಯರ ಚಿಕಿತ್ಸೆ ಮತ್ತು ಪುನಶ್ಚೇತನದಲ್ಲಿ ಮನೆಯವರ ಹೊಣೆ

(ಅಂತರರಾಷ್ಟ್ರೀಯ ಹಿರಿಯ ನಾಗರಿಕರ ದಿನದ ಅಂಗವಾಗಿ ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗೆ ನೀಡಿದ ಉಪನ್ಯಾಸದ ಪಠ್ಯ)



ವಯಸ್ಸಾದ ತಾಯಿಯೊಬ್ಬರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಸಂದಿನ ಮೂಳೆ ಮುರಿದುಕೊಂಡಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: “ಈ ವಯಸ್ಸಿನಲ್ಲಿ ಆಪರೇಷನ್ ಏಕೆ? ಇರುವಷ್ಟು ದಿನ ಮಲಗಿರಲಿ.” ಹೀಗೆನ್ನುವವರು ನಿರ್ದಯಿಗಳಲ್ಲ. ಖರ್ಚಿನ ಭಯ, ಆಸ್ಪತ್ರೆಗೆ ಓಡಾಡುವವರಿಲ್ಲದ ಕಷ್ಟ, ಶಸ್ತ್ರಚಿಕಿತ್ಸೆಯ ಅಂಜಿಕೆ ಅವರಿಂದ ಆ ಮಾತನ್ನು ಆಡಿಸುತ್ತವೆ. ಆದರೆ ಅದರ ಪರಿಣಾಮವನ್ನು ನಾವು ಅರಿಯಬೇಕು.

ಹಾಸಿಗೆ ಹಿಡಿದ ವೃದ್ಧರಿಗೆ ಬೆನ್ನಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಉಂಟಾಗಬಹುದು. ಅನೇಕರ ಜೀವಕ್ಕೆ ಎರವಾಗುವುದು ಈ ತೊಡಕುಗಳೇ. ಆದುದರಿಂದಲೇ ದೇಹಸ್ಥಿತಿ ಅನುಮತಿಸಿದರೆ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ನಡೆಸಿ, ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸಲು ಯತ್ನಿಸುವುದು ವೈದ್ಯಕೀಯವಾಗಿ ಮಾನ್ಯವಾದ ಕ್ರಮ. ನಿರ್ಧಾರವನ್ನು ವಯಸ್ಸೊಂದರಿಂದಲೇ ಮಾಡತಕ್ಕದ್ದಲ್ಲ. ಹೃದಯ, ಮೂತ್ರಪಿಂಡ, ಸಕ್ಕರೆ ಕಾಯಿಲೆಗಳ ಸ್ಥಿತಿಯನ್ನು ನೋಡಿ ವೈದ್ಯರು ಸಲಹೆ ನೀಡುತ್ತಾರೆ. ಮನೆಯವರು ಕೇಳಬೇಕಾದ ಪ್ರಶ್ನೆ ಇಷ್ಟೇ: “ಮಾಡಿಸಿದರೆ ಅಪಾಯವೇನು? ಮಾಡಿಸದಿದ್ದರೆ ಅಪಾಯವೇನು?”

ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ 20ನೇ ಪ್ರಕರಣವು 60 ವರ್ಷ ತುಂಬಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಧ್ಯವಾದಮಟ್ಟಿಗೆ ಹಾಸಿಗೆ ಒದಗಿಸಬೇಕೆಂದೂ, ಪ್ರತ್ಯೇಕ ಸರತಿ ಸಾಲು ಇರಬೇಕೆಂದೂ ಹೇಳುತ್ತದೆ. ವೃದ್ಧರಿಗೆ ಆದ್ಯತೆ ಕೇಳುವುದು ಕೃಪೆ ಬೇಡಿದಂತಲ್ಲ.

ಹಣದ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವಿದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಮೊದಲ ದಿನವೇ ಕೊಂಡೊಯ್ಯಿರಿ. ತುರ್ತು ಸಂದರ್ಭವಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮುಂಗಡ ಹಣ ಕಟ್ಟುವ ಮುನ್ನವೇ ಕಾಣಿರಿ, ಕಟ್ಟಿದ ಮೇಲಲ್ಲ.

ದಾಖಲಾದ ಮೇಲೆ ವೈದ್ಯರೊಡನೆ ಮಾತನಾಡಲು ಕುಟುಂಬದ ಒಬ್ಬರನ್ನೇ ಗೊತ್ತುಪಡಿಸಿರಿ. ದಿನಕ್ಕೊಬ್ಬರು ಬಂದು ಒಂದೊಂದು ಕೇಳಿದರೆ ಗೊಂದಲವಾಗುತ್ತದೆ. ಆ ಒಬ್ಬರ ಕೈಯಲ್ಲಿ ನೋಟ್ ಪುಸ್ತಕವಿರಲಿ. ಹಿರಿಯರು ಮನೆಯಲ್ಲಿ ಸೇವಿಸುತ್ತಿದ್ದ ಪ್ರತಿ ಮಾತ್ರೆಯ ಹೆಸರು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ, ಅದರಲ್ಲಿ ಬರೆದಿರಲಿ. ಕನ್ನಡಕ ಮತ್ತು ಶ್ರವಣಯಂತ್ರವನ್ನು ಹಾಸಿಗೆಯ ಪಕ್ಕದಲ್ಲಿಡಿ. ಇದ್ದಕ್ಕಿದ್ದಂತೆ ಹಿರಿಯರು ಗುರುತು ತಪ್ಪಿ ಮಾತನಾಡತೊಡಗಿದರೆ “ಅರಳು ಮರಳು” ಎಂದು ಸುಮ್ಮನಾಗದಿರಿ. ಸೋಂಕು, ನೋವು, ಔಷಧದ ಪರಿಣಾಮ ಅಥವಾ ನೀರಿನ ಕೊರತೆ ಅದಕ್ಕೆ ಕಾರಣವಿರಬಹುದು; ಕೂಡಲೇ ಶುಶ್ರೂಷಕಿಯರಿಗೆ ತಿಳಿಸಿರಿ.

ದೂರುವ ಪ್ರಸಂಗ ಬಂದರೂ ಏರುದನಿ ಬೇಡ. ಮೊದಲು ವಾರ್ಡಿನ ಹಿರಿಯ ಶುಶ್ರೂಷಕಿ, ಅನಂತರ ನಿವಾಸಿ ವೈದ್ಯಾಧಿಕಾರಿ, ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಶಸ್ತ್ರಚಿಕಿತ್ಸಕರು. ದಿನಾಂಕ, ಸಮಯ ಸಹಿತ ಬರೆದು ಕೊಟ್ಟ ಮನವಿಗೆ ತೂಕವಿರುತ್ತದೆ. ಚಿಕಿತ್ಸಾ ದಾಖಲೆಗಳನ್ನು ಕೋರಿದರೆ 72 ಗಂಟೆಗಳೊಳಗೆ ಒದಗಿಸಬೇಕೆಂಬುದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯಲ್ಲಿದೆ.

ಇಲ್ಲೊಂದು ಎಚ್ಚರಿಕೆಯ ಮಾತು. ತಾಯಿಯ ಪರವಾಗಿ ಮಾತನಾಡುವುದೆಂದರೆ ತಾಯಿಯನ್ನು ಬಿಟ್ಟು ಮಾತನಾಡುವುದಲ್ಲ. ಪ್ರಜ್ಞೆಯುಳ್ಳ ಹಿರಿಯರ ಮಂಚದ ಪಕ್ಕದಲ್ಲೇ ನಿಂತು, ಅವರನ್ನು ಕೇಳದೆ ಮಕ್ಕಳು ತೀರ್ಮಾನಿಸುವುದು ಸಲ್ಲದು. “ಅವ್ವಾ, ನಿನಗೇನು ಬೇಕು?” ಎಂದು ಕೇಳಿರಿ. ಅವರಿಗೆ ಬೇಕಾದುದು ಬಹುಶಃ ಒಬ್ಬರೇ ಎದ್ದು ಬಚ್ಚಲಿಗೆ ಹೋಗಿ ಬರುವ ಶಕ್ತಿಯಷ್ಟೇ ಆಗಿರಬಹುದು. ಪುನಶ್ಚೇತನದ ಗುರಿಯೂ ಅದೇ ಆಗಬೇಕು.

ಬಿಡುಗಡೆಯ ದಿನ ಅವಸರ ಸಲ್ಲದು. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ? ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ವಾಕರ್ ಎಷ್ಟು ದಿನ? ಮೂಳೆ ಸವೆತಕ್ಕೆ ಚಿಕಿತ್ಸೆ ಬೇಕೇ? ಮುಂದಿನ ತಪಾಸಣೆ ಎಂದು? ಈ ಐದಕ್ಕೂ ಉತ್ತರ ಬರೆಸಿಕೊಂಡೇ ಹೊರಡಿರಿ. ಮನೆಯಲ್ಲಿ ಬಚ್ಚಲಿನ ಗೋಡೆಗೆ ಹಿಡಿಕೆ, ಕೂರಲು ಎತ್ತರದ ಕಮೋಡ್ ಕುರ್ಚಿ, ರಾತ್ರಿ ದೀಪ ಇವು ಸಣ್ಣ ಖರ್ಚಿನ ದೊಡ್ಡ ರಕ್ಷಣೆಗಳು. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಈ ದುಡಿಮೆಯೆಲ್ಲ ಸೊಸೆ ಅಥವಾ ಮಗಳೊಬ್ಬಳ ಹೆಗಲಿಗೇ ಬೀಳದಂತೆ ಗಂಡುಮಕ್ಕಳೂ ಸರದಿ ಹಂಚಿಕೊಳ್ಳಬೇಕು.

ಕೊನೆಯದಾಗಿ ಪಂಚಾಯಿತಿ ಸದಸ್ಯರಲ್ಲಿ ವಿನಂತಿ. ಆಸ್ಪತ್ರೆಯಿಂದ ಮರಳಿದ ಹಿರಿಯರ ಮಾಹಿತಿಯನ್ನು ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ ಹಾಗೂ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತಲುಪಿಸಿರಿ. ಮಕ್ಕಳು ದೂರದಲ್ಲಿರುವ ಒಂಟಿ ವೃದ್ಧರ ಪರವಾಗಿ ಆಸ್ಪತ್ರೆಯಲ್ಲಿ ನಿಲ್ಲುವವರು ಯಾರೆಂಬುದನ್ನು ಪ್ರತಿ ವಾರ್ಡಿನಲ್ಲಿ ಮೊದಲೇ ಗೊತ್ತುಪಡಿಸಿರಿ. ಹಿರಿಯ ನಾಗರಿಕರ ಸಹಾಯವಾಣಿ 14567 ಮತ್ತು ಆರೋಗ್ಯ ಸಹಾಯವಾಣಿ 104, ಈ ಎರಡು ಸಂಖ್ಯೆಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿರಿ.