ಹಿಂದಿನ ಅಚ್ಚಿನ ಕಥೆ



ನಮ್ಮ ಕಡೆಯ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡದವರು ಕಡಿಮೆ. ಒಂದು ನಿಮಿಷದಲ್ಲಿ ಜೋಡೆತ್ತು ಎಷ್ಟು ಅಡಿ ಓಡಿದವು ಎಂದು ಅಳೆಯುತ್ತಾರೆ. ಸುಪ್ರೀಂ ಕೋರ್ಟು 2014ರಲ್ಲಿ ಗಾಡಿ ಓಟ ನಿಲ್ಲಿಸಿತ್ತು. ಓಟಕ್ಕೆ ಅವಕಾಶ ಕೊಟ್ಟು ರಾಜ್ಯ ಆಮೇಲೆ ತಂದ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು. ಓಟದ ಹೊತ್ತಿಗೆ ಜನರ ಕಣ್ಣೆಲ್ಲ ಎತ್ತಿನ ಮೇಲೆ. ನನ್ನ ಕಣ್ಣು ಗಾಲಿಯ ಮೇಲೆ. ಒಂದು ಗಾಲಿ ತಗ್ಗಿಗೆ ಇಳಿದರೆ ಸಾಕು, ಅಚ್ಚು ಒಂದೇ ಆದ್ದರಿಂದ ಇಡೀ ಗಾಡಿ ಓರೆಯಾಗುತ್ತದೆ. ಎತ್ತಿನ ಗಾಡಿಗೆ ಅದು ದೊಡ್ಡ ನಷ್ಟವಲ್ಲ, ಎಳೆಯುವ ಕಾಲುಗಳು ಮುಂದಿವೆ. ಹಿಂದಿನ ಗಾಲಿಯಿಂದಲೇ ಓಡುವ ಮೋಟಾರಿನ ಪಾಡು ಬೇರೆ.

ಇದು ನರಗುಂದ, ರೋಣದ ರೈತರಿಗೆ ಹೊಸ ಮಾತಲ್ಲ. ಮಳೆ ಬಿದ್ದ ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಒಂದು ಗಾಲಿ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲ್ಲಾಡದೆ ನಿಲ್ಲುತ್ತದೆ. ಆಗ ಎರಡೂ ಗಾಲಿ ಜೊತೆಗೆ ತಿರುಗಲೆಂದು ಡಿಫರೆನ್ಷಿಯಲ್ ಲಾಕ್ ತುಳಿಯುತ್ತೀರಿ. ರೇಸ್ ಕಾರು ತಿರುವಿನಲ್ಲಿ ಒಂದು ಹಿಂಗಾಲಿ ಎತ್ತಿದಾಗಲೂ ಆಗುವುದು ಅದೇ. ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಗಾಲಿ ನೆಲ ಬಿಡದಂತೆ ನೋಡಿಕೊಳ್ಳುವುದು ಸಸ್ಪೆನ್ಷನ್ನಿನ, ಅಂದರೆ ಗಾಡಿಗೂ ಅಚ್ಚಿಗೂ ನಡುವಿನ ಕಮಾನು, ಸರಳುಗಳ ಕೆಲಸ. ಗಾಡಿಗೂ ಅಚ್ಚಿಗೂ ನಡುವೆ ಉಕ್ಕಿನ ಕಮಾನು ಇಟ್ಟು 1804ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಒಬಾಡಯಾ ಎಲಿಯಟ್. ಕುದುರೆ ಸಾರೋಟಿನಲ್ಲಿ ಕೂತವರ ಸೊಂಟ ಉಳಿಯಲಿ ಎಂದು ಮಾಡಿದ್ದು. ಒಂದರ ಮೇಲೊಂದು ಪೇರಿಸಿದ ಆ ಕಮಾನು ಪಟ್ಟಿಯೇ ನೂರೈವತ್ತು ವರ್ಷ ದಾಟಿ ನಮ್ಮ ಅಂಬಾಸಡರಿಗೂ ಫಿಯಟ್ಟಿಗೂ ಬಂತು. ಅಗ್ಗ, ಗಟ್ಟಿ, ಮುರಿದರೆ ಯಾವ ಊರಿನಲ್ಲೂ ರಿಪೇರಿಯಾಗುತ್ತದೆ. ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯದು ಬೇಡ.

ಆದರೆ ಅದೇ ಕಾರುಗಳನ್ನು ಮದ್ರಾಸಿನ ಬಳಿಯ ಶೋಲಾವರಂಗೆ ಒಯ್ದರು. ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. ಅಲ್ಲಿ ದಶಕಗಳ ಕಾಲ ದೇಶದ ದೊಡ್ಡ ರೇಸುಗಳು ನಡೆದವು. ವಿದೇಶಿ ರೇಸ್ ಕಾರು ತರಿಸುವುದು ಸಿರಿವಂತರಿಗಷ್ಟೇ ಸಾಧ್ಯವಿದ್ದ ಕಾಲ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಕಂಪನಿಯ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ದರು. ಉಳಿದವರ ಪಾಲಿಗೆ 1089 ಸಿಸಿಯ ಫಿಯಟ್ಟೇ ಗತಿ.

ಈ ಫಿಯಟ್ಟಿನ ಹಿಂಭಾಗದಲ್ಲಿ ಕಮಾನು ಪಟ್ಟಿಗೆ ಒಂದಲ್ಲ, ಎರಡು ಕೆಲಸ. ಭಾರ ಹೊರಬೇಕು, ಅಚ್ಚನ್ನು ಅದರ ಜಾಗದಲ್ಲಿ ಹಿಡಿದೂ ಇಟ್ಟುಕೊಳ್ಳಬೇಕು. ಎಂಜಿನ್ನಿನ ಬಲ ಹೆಚ್ಚಿಸಿ ಆಕ್ಸಿಲರೇಟರ್ ಒತ್ತಿದರೆ ಅಚ್ಚು ತನ್ನಷ್ಟಕ್ಕೆ ಹಿಂದಕ್ಕೆ ಹೊರಳಲು ನೋಡುತ್ತದೆ, ಪಟ್ಟಿ ಹಾವಿನಂತೆ ನುಲಿಯುತ್ತದೆ, ಮರುಗಳಿಗೆ ಚಿಮ್ಮಿ ನೆಟ್ಟಗಾಗುತ್ತದೆ. ಗಾಲಿ ಕುಪ್ಪಳಿಸತೊಡಗುತ್ತದೆ. ಇದಕ್ಕೆ ಮದ್ದು, ಆ ಎರಡು ಕೆಲಸವನ್ನು ಬಿಡಿಸಿ ಬೇರೆಬೇರೆಯವರಿಗೆ ಒಪ್ಪಿಸುವುದು. ಪಟ್ಟಿ ಬಿಚ್ಚಿ ಎಸೆದು, ಭಾರ ಹೊರಲು ಕಾಯಿಲ್ ಸ್ಪ್ರಿಂಗ್ ಕೂರಿಸುತ್ತಾರೆ. ಅಚ್ಚು ಹಿಂದೆಮುಂದೆ ಸರಿಯದಂತೆ ಎರಡೂ ಬದಿಗೆ ಉದ್ದ ತೋಳು. ಎಡಬಲಕ್ಕೆ ಜಾರದಂತೆ ಅಡ್ಡಲಾಗಿ ಒಂದು ಸರಳು, ಪ್ಯಾನ್‌ಹಾರ್ಡ್ ರಾಡ್. ಅದರ ಬದಲು ಜೇಮ್ಸ್ ವ್ಯಾಟ್ 1784ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ ಸರಳುಗಳ ಕೂಟವನ್ನೂ ಬಳಸುತ್ತಾರೆ. ಉಗಿಯಂತ್ರ ಮ್ಯೂಸಿಯಂ ಸೇರಿತು, ಅದರ ಸಂದು ಮಾತ್ರ ಇನ್ನೂ ರೇಸಿನಲ್ಲಿದೆ!

ಹಾಗೆಂದು ಕಮಾನು ಪಟ್ಟಿಯನ್ನು ಹೀಯಾಳಿಸಬೇಡಿ. 1959ರಲ್ಲಿ ಆಸ್ಟ್ರೇಲಿಯಾದ ಜಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದ ಕೂಪರ್ ಕಾರಿನ ಹಿಂದೆ ಇದ್ದದ್ದು ಅಡ್ಡಲಾಗಿ ಇಟ್ಟ ಪಟ್ಟಿಯೇ. ಮರುವರ್ಷದ ಕಾರಿನಲ್ಲಿ ಅದು ಹೋಗಿ ಕಾಯಿಲ್ ಬಂತು.

ನಮ್ಮಲ್ಲಿ ಚಿತ್ರ ಬದಲಾದದ್ದು 1983ರಲ್ಲಿ ಮಾರುತಿ 800 ಬಂದ ಮೇಲೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅದರ 796 ಸಿಸಿ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರು ಕಟ್ಟಿದರು. ಮಾರುತಿಯಲ್ಲಿ ಎಳೆಯುವುದು ಮುಂದಿನ ಗಾಲಿ, ಹಿಂದಿನದು ಸುಮ್ಮನೆ ಉರುಳುವಂಥದು. ಎಂಜಿನ್ನನ್ನು ಹಿಂದಕ್ಕೆ ಒಯ್ದರೆ ಹಿಂದಿನ ಸಸ್ಪೆನ್ಷನ್ನನ್ನು ಬುಡದಿಂದಲೇ ಹೊಸದಾಗಿ ಕಟ್ಟಬೇಕು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ಅವರು ಕಟ್ಟಿದ ಬಗೆಯ ಕಾರಿನಲ್ಲಿ ಪಳಗಿದ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ರೇಸಿನಲ್ಲಿ ಓಡಿದ ಮೊದಲ ಭಾರತೀಯ. ಚಾಲಕನ ಹೆಸರು ಊರಿಗೆಲ್ಲ ಗೊತ್ತು, ಕಟ್ಟಿದವನದು ಗೊತ್ತಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಈಗ ರೇಸ್ ಗಾಡಿ ಕಟ್ಟುವ ಕೆಲಸ ಕಾಲೇಜಿಗೆ ಬಂದಿದೆ. 2007ರಿಂದ ನಡೆಯುತ್ತಿರುವ ಬಾಹಾ ಎಂಬ ಎಂಜಿನಿಯರಿಂಗ್ ಕಾಲೇಜುಗಳ ಸ್ಪರ್ಧೆಗೆ ವಿದ್ಯಾರ್ಥಿಗಳು ತಾವೇ ಪೈಪು ಬೆಸೆದು ಗಾಡಿ ಕಟ್ಟುತ್ತಾರೆ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನ ಹುಡುಗರೂ ಹೋಗಿದ್ದಾರೆ. ಪೆಟ್ರೋಲ್ ಗಾಡಿಗಳಿಗೆಲ್ಲ ಒಂದೇ ಬಗೆಯ ಎಂಜಿನ್. ಹಾಗಾಗಿ ಸೋಲುಗೆಲುವು ಬಹುಪಾಲು ತೂಕದ ಮೇಲೆ, ಸಸ್ಪೆನ್ಷನ್ ಮೇಲೆ.

ಗಜೇಂದ್ರಗಡ, ರೋಣ, ನರಗುಂದದ ವೆಲ್ಡಿಂಗ್ ಅಂಗಡಿಯವರಲ್ಲಿ ಒಂದು ಕೋರಿಕೆ. ಟ್ರ್ಯಾಕ್ಟರ್ ಟ್ರೇಲರಿನ ಅಚ್ಚು ನೆಟ್ಟಗೆ ಕೂರಿಸುವ ಕಣ್ಣಳತೆ ನಿಮಗಿದೆ. ರಜೆಗೆ ಊರಿಗೆ ಬಂದ ಎಂಜಿನಿಯರಿಂಗ್ ಹುಡುಗನೋ ಹುಡುಗಿಯೋ ಕೈಯಲ್ಲಿ ನಕ್ಷೆ ಹಿಡಿದು, “ಅಣ್ಣಾರ, ಈ ತೋಳು ಬೆಸದ ಕೊಡ್ರಿ” ಅಂದರೆ ನಕ್ಕು ಕಳಿಸಬೇಡಿ. ಎಡಬಲ ಎರಡೂ ತೋಳಿನ ಉದ್ದ ಒಂದೇ ಇದೆಯೇ ಎಂದು ಬೆಸೆಯುವ ಮೊದಲು ನೀವೇ ಇನ್ನೊಮ್ಮೆ ಟೇಪು ಹಿಡಿದು ನೋಡಿ.