ಹವಾ ಗನ್ನಿಗೆ ಮುಪ್ಪು ಬಂದಾಗ

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕೃಷ್ಣೆಯ ನೀರು ಕಾಲುವೆಗಿಳಿದ ಮೇಲೆ ಶಹಾಪುರ, ಸುರಪುರ ಸೀಮೆಯ ಕಪ್ಪುನೆಲದಲ್ಲಿ ಜೋಳದ ಮಗ್ಗುಲಲ್ಲಿ ಭತ್ತವೂ ಬೆಳೆಯಿತು. ಭತ್ತದ ಹಿಂದೆ ಲಾರಿ, ಟ್ರ್ಯಾಕ್ಟರುಗಳು ಬಂದವು. ಅವುಗಳ ಹಿಂದೆ ಟೈರಿನ ಅಂಗಡಿಗಳು. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವವರ ಕಿವಿಗೆ ದಾರಿಯಲ್ಲಿ ಆಗಾಗ ಬೀಳುವ ‘ಟರ್ರ್’ ಎಂಬ ಸದ್ದು ಈ ಅಂಗಡಿಗಳದೇ. ಗಾಳಿಯ ಬಲದಿಂದ ಚಕ್ರದ ನಟ್ಟು ಬಿಚ್ಚುವ ಆ ಉಪಕರಣಕ್ಕೆ ಇಂಪ್ಯಾಕ್ಟ್ ರೆಂಚ್ ಎಂದು ಹೆಸರು. ಅಂಗಡಿಯ ಹುಡುಗರಿಗೆ ಅದು ಬರೀ ‘ಗನ್ನು’.

ಕೇಳುವವರಿಗೆ ವಿಷಯ ಒರಟೆನಿಸಬಹುದು. ಆದರೆ ಮಣಭಾರದ ಲಾರಿಯ ಚಕ್ರ ತನ್ನ ಸ್ಥಾನದಲ್ಲಿ ನಿಲ್ಲುವುದು ಈ ಗನ್ನನ್ನೂ ಅದನ್ನು ಹಿಡಿದ ಕೈಯನ್ನೂ ನಂಬಿಕೊಂಡು. ಹೊಸ ಗನ್ನಿನ ಬೆಲೆ ಸಣ್ಣ ಅಂಗಡಿಗೆ ಹಗುರವಲ್ಲ. ಆದ್ದರಿಂದ ಹಳೆಯದನ್ನೇ ವರ್ಷಾನುಗಟ್ಟಲೆ ದುಡಿಸುತ್ತಾರೆ. ಅದು ಸೋತಂತೆ ಕಂಡಾಗ ಬಹುಮಂದಿ ಮಾಡುವ ಮೊದಲ ಉಪಾಯ ಗಾಳಿಯ ಒತ್ತಡ ಏರಿಸುವುದು. ಮುದುಕನ ಬೆನ್ನಿಗೆ ಇನ್ನೊಂದು ಮೂಟೆ ಹೊರಿಸಿದಂತೆ, ಅಷ್ಟೆ.

ಗನ್ನಿನೊಳಗೆ ಬಹಳವೇನೂ ಇಲ್ಲ. ಒಂದು ಉರುಳೆ, ಅದರ ಸೀಳುಗಳಲ್ಲಿ ಸಲೀಸಾಗಿ ಜಾರುವ ಕೆಲವು ತೆಳು ಪಟ್ಟಿಗಳು. ಇವಕ್ಕೆ ವೇನು ಎನ್ನುತ್ತಾರೆ. ಉರುಳೆ ತಿರುಗಿದಾಗ ಪಟ್ಟಿಗಳು ಹೊರಕ್ಕೆ ಸರಿದು ಸಿಲಿಂಡರಿನ ಗೋಡೆಗೆ ಒತ್ತಿ ಗಾಳಿಯನ್ನು ಹಿಡಿಯುತ್ತವೆ. ಮುಂದೆ ಸುತ್ತಿಗೆ, ಅದರ ಮುಂದೆ ಸಾಕೆಟ್ಟು ಸಿಕ್ಕಿಸುವ ಅನ್ವಿಲ್. ನಟ್ಟು ತಡೆದು ನಿಂತಾಗ ಈ ಸುತ್ತಿಗೆ ಕಮ್ಮಾರನಂತೆ ಮತ್ತೆ ಮತ್ತೆ ಬಡಿಯುತ್ತದೆ. ಗನ್ನಿನ ಶಕ್ತಿಯೆಲ್ಲ ಆ ಪೆಟ್ಟಿನಲ್ಲಿದೆ.

ಗನ್ನು ಸೋತಿದೆ ಎನ್ನುವ ಮೊದಲು ಗಾಳಿ ಸೋತಿದೆಯೇ ಎಂದು ನೋಡಬೇಕು. ಹೆಚ್ಚಿನ ಗನ್ನುಗಳಿಗೆ ಬೇಕಾದದ್ದು ಚದರ ಅಂಗುಲಕ್ಕೆ 90 ಪೌಂಡಿನ ಒತ್ತಡ. ಅದು ಟ್ಯಾಂಕಿನ ಮೇಲಿನ ಮುಳ್ಳು ತೋರಿಸುವ ಲೆಕ್ಕವಲ್ಲ, ಗುಂಡಿ ಒತ್ತಿ ಗನ್ನು ಓಡುತ್ತಿರುವಾಗ ಅದರ ಬಾಯಲ್ಲಿರುವ ಲೆಕ್ಕ. ಟ್ಯಾಂಕಿನಲ್ಲಿ 120 ಇದ್ದು, ಉದ್ದನೆಯ ಸಣ್ಣ ಪೈಪಿನಲ್ಲಿ, ಸವೆದ ಕಪ್ಲಿಂಗಿನಲ್ಲಿ, ಮಡಿಚಿಕೊಂಡ ತಿರುವಿನಲ್ಲಿ ಸೋರಿ ಸೊರಗಿ ಗನ್ನಿಗೆ 60 ಕೂಡ ತಲುಪದಿರಬಹುದು. ಅರ್ಧ ಇಂಚಿನ ಗನ್ನಿಗೆ ಒಳಬಾಯಿ ಇಂಚಿನ ಎಂಟನೇ ಮೂರು ಭಾಗವಾದರೂ ಇರುವ ಪೈಪು ಬೇಕು. ಲಾರಿಯ ಒಂದು ಇಂಚಿನ ಗನ್ನಿಗೆ ಅರ್ಧ ಇಂಚಿಗೂ ಮಿಕ್ಕದ್ದು. ಪೈಪು ಬದಲಿಸಿದ ಕೂಡಲೇ ಯೌವನಕ್ಕೆ ಮರಳುವ ‘ಮುದಿ’ ಗನ್ನುಗಳು ಕಡಿಮೆಯಲ್ಲ.

ಎರಡನೆಯ ಶತ್ರು ನೀರು. ಹೊರಗಿನ ಗಾಳಿಯನ್ನು ಏಳೆಂಟು ಪಟ್ಟು ಒತ್ತಿ ಟ್ಯಾಂಕಿನಲ್ಲಿಟ್ಟರೆ ಅದರಲ್ಲಿನ ತೇವ ತಣಿದು ಹನಿಯಾಗಿ ತಳ ಸೇರುತ್ತದೆ. ಮಳೆಗಾಲದಲ್ಲಂತೂ ಸರಿಯೇ, ಬೇಸಿಗೆಯಲ್ಲೂ ನೀರು ಬರುತ್ತದೆ. ದಿನದ ಕೊನೆಗೆ ತಳದ ನಲ್ಲಿ ತಿರುವಿ ಅದನ್ನು ಹೊರಬಿಡದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನೀರು ಗನ್ನಿಗೂ ಹರಿದು ಅಲ್ಲಿನ ಎಣ್ಣೆಯನ್ನು ತೊಳೆದು ತುಕ್ಕಿಗೆ ದಾರಿ ಮಾಡುತ್ತದೆ. ತುಕ್ಕಿನ ಟ್ಯಾಂಕು ಒಡೆದರೆ ಹೋಗುವುದು ಅಂಗಡಿಯೊಂದೇ ಅಲ್ಲ.

ಇನ್ನು ಎಣ್ಣೆಯ ಮಾತು. ಬೆಳಿಗ್ಗೆ ಗಾಳಿಯ ಬಾಯಿಗೆ ತೆಳು ಎಣ್ಣೆಯ ನಾಲ್ಕೈದು ಹನಿ ಬಿಟ್ಟು ಒಂದು ಕ್ಷಣ ಓಡಿಸಿದರೆ ಸಾಕು. ಗನ್ನಿನದೇ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಆದೀತು. ಲಾರಿಯ ಎಂಜಿನ್ನಿನಿಂದ ತೆಗೆದ ಕರಿಯ ಎಣ್ಣೆ ಬೇಡ. ಅದು ಧೂಳಿನೊಡನೆ ಸೇರಿ ಅಂಟಾಗಿ ವೇನುಗಳನ್ನು ಸೀಳಿನಲ್ಲೇ ಹಿಡಿದು ನಿಲ್ಲಿಸುತ್ತದೆ. ಗುಂಡಿ ಒತ್ತಿದರೂ ಗಾಳಿ ಸುಯ್ಯೆಂದು ಹೊರಬಿದ್ದು, ಮರದ ತುಂಡಿನಿಂದ ತಟ್ಟಿದಾಗ ಮಾತ್ರ ತಿರುಗುವ ಗನ್ನಿನ ಕಾಯಿಲೆ ಬಹುಮಟ್ಟಿಗೆ ಇದೇ. ಸ್ವಲ್ಪ ಸೀಮೆ ಎಣ್ಣೆ ಬಿಟ್ಟು, ಹೊರಬಾಯಿಗೆ ಬಟ್ಟೆ ಮುಚ್ಚಿ, ಬೆಂಕಿಯಿಂದ ದೂರದಲ್ಲಿ, ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಕೊಳೆ ಕಪ್ಪಗೆ ಹೊರಬರುತ್ತದೆ. ಆಮೇಲೆ ಎಣ್ಣೆ ಬಿಡಲು ಮರೆಯಬಾರದು.

ತೊಳೆದರೂ ಚೇತರಿಸದಿದ್ದರೆ ಬಿಚ್ಚಲೇಬೇಕು. ಮೊದಲು ಪೈಪು ಕಳಚಿ. ವೇನುಗಳ ಅಂಚು ಮುರಿದಿದ್ದರೆ, ಅಗಲ ಸವೆದಿದ್ದರೆ ಇಡೀ ಜೊತೆಯನ್ನು ಬದಲಿಸುವುದೇ ಲೇಸು. ಉರುಳೆಯ ಎರಡು ಬದಿಯ ತಟ್ಟೆಗಳಲ್ಲಿ ಗೀರುಗಳು ಆಳವಾಗಿದ್ದರೆ ಹೊಸ ವೇನು ಹಾಕಿಯೂ ಫಲವಿಲ್ಲ.

ಗನ್ನು ಭರದಿಂದ ತಿರುಗಿಯೂ ಬಡಿಯದಿದ್ದರೆ ದೋಷ ಸುತ್ತಿಗೆಯದು: ಗ್ರೀಸು ಒಣಗಿದೆ, ಪಿನ್ನು ತುಂಡಾಗಿದೆ, ಇಲ್ಲವೆ ಪೆಟ್ಟು ತಿಂದ ಅಂಚುಗಳು ದುಂಡಾಗಿವೆ. ಗ್ರೀಸು ಅತಿಯಾದರೂ ಪೆಟ್ಟು ಮಂದವಾಗುತ್ತದೆ. ಅನುಭವಸ್ಥರು ಇದನ್ನು ಸದ್ದಿನಿಂದಲೇ ಹೇಳಬಲ್ಲರು. ಒಂದೇ ಲಯದ ಖಣಖಣ ಆರೋಗ್ಯ. ಮಧ್ಯೆ ಮಧ್ಯೆ ತಪ್ಪುವ ತಾಳ ಸವಕಲು. ಸಂಗೀತ ಬಲ್ಲವರೂ ಈ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲಬಹುದು.

ಚಿಕಿತ್ಸೆ ಪಡೆದು ಮೈತುಂಬಿ ಬಂದ ಗನ್ನಿನಿಂದ ಬೇರೊಂದು ಅಪಾಯವಿದೆ. ನಿನ್ನೆಯವರೆಗೆ ಸೋತ ಗನ್ನಿಗೆ ಹತ್ತು ಎಣಿಸುವಷ್ಟು ಹೊತ್ತು ಒತ್ತುತ್ತಿದ್ದ ಕೈ ಇಂದೂ ಹಾಗೆಯೇ ಒತ್ತಿದರೆ ಸ್ಟಡ್ಡು ಎಳೆದು ಬಲಗುಂದುತ್ತದೆ. ಅದು ತುಂಡಾಗುವುದು ಅಂಗಡಿಯ ಮುಂದಲ್ಲ, ಊರಾಚೆ, ರಾತ್ರಿಯಲ್ಲಿ. ಬಿಚ್ಚಲು ಗನ್ನು ಇರಲಿ. ಬಿಗಿಸುವಾಗ ಗನ್ನಿನಿಂದ ನಟ್ಟನ್ನು ಕೂರಿಸಿ, ಕೊನೆಯ ಬಿಗಿಯನ್ನು ಅಳತೆಯ ಪಾನಾದಿಂದಲೇ ಕೊಡಬೇಕು, ಎದುರುಬದುರು ನಟ್ಟುಗಳ ಸರದಿಯಲ್ಲಿ. ಯಾದಗಿರಿಯಲ್ಲಿ ಹಾಕಿದ ಚಕ್ರವನ್ನು ಸುರಪುರ ಮುಟ್ಟಿದ ಮೇಲೆ ಡ್ರೈವರು ಕೆಳಗಿಳಿದು ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು.